ಡಿಸೆಂಬರ್‌ನಲ್ಲಿ ಬಾಗಿಲು ಹಾಕುವ ಹೋಮ್‌ಸ್ಟೇ: ಜೋಗದ ದಾರಿಯ ಒಂದು ಮನೆಯ ಲೆಕ್ಕ

ನಾನು ಸಾಗರದಲ್ಲಿ ಸಣ್ಣಪುಟ್ಟ ವ್ಯಾಪಾರದವರ ಲೆಕ್ಕ ಬರೆಯುವವನು. ಅಡಿಕೆ ಬೆಳೆಗಾರರು, ಎರಡು ಬೇಕರಿ, ಒಂದು ಟೈರ್ ಅಂಗಡಿ, ಈಚೆಗೆ ನಾಲ್ಕಾರು ಹೋಮ್‌ಸ್ಟೇ. ಅದರಲ್ಲಿ ಒಂದು ಮನೆಯ ಮೂರು ವರ್ಷದ ಕಥೆ ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಇಲ್ಲ. ಗುರುತು ಸಿಗಬಾರದು ಅಂತ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಅಣ್ಣ, ತಮ್ಮ, ಅತ್ತಿಗೆ ಅಂತಲೇ ಕರೆಯುತ್ತೇನೆ, ನಾನು ಅವರನ್ನು ಕರೆಯುವುದೂ ಹಾಗೇ.

ಮನೆ, ಮತ್ತು ತಮ್ಮನ ಐಡಿಯಾ

ಮೂರು ಎಕರೆ ಅಡಿಕೆ ತೋಟ. ತೋಟದ ತಲೆಯ ಮೇಲೆ ಹಳೇ ಮನೆ: ಉದ್ದ ಜಗಲಿ, ಹೆಂಚಿನ ಮಾಡು, ಒಳಗೆ ಕತ್ತಲೆ, ಬಚ್ಚಲಲ್ಲಿ ತಾಮ್ರದ ಹಂಡೆ. ಅಣ್ಣ ಹತ್ತು ವರ್ಷದ ಹಿಂದೆ ಪಕ್ಕದಲ್ಲೇ ಆರ್‌ಸಿಸಿ ಮನೆ ಕಟ್ಟಿಸಿಕೊಂಡಿದ್ದ. ಹಳೇ ಮನೆ ಖಾಲಿ ಬಿದ್ದಿತ್ತು. ಗೆದ್ದಲು ಹಿಡಿಯುವ ಮುಂಚೆ ಏನಾದರೂ ಮಾಡಬೇಕು ಅಂತ ಎಲ್ಲರೂ ಹೇಳುತ್ತಿದ್ದರು, ಯಾರೂ ಮಾಡುತ್ತಿರಲಿಲ್ಲ.

ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮಧ್ಯೆ ಎರಡು ವರ್ಷ ಅಮೆರಿಕದ ಕೊಲರಾಡೋದಲ್ಲಿದ್ದ. ಅಲ್ಲಿ ಬ್ರೆಕೆನ್‌ರಿಜ್ ಅಂತ ಬೆಟ್ಟದ ಮೇಲಿನ ಸಣ್ಣ ಊರು, ಪಕ್ಕದಲ್ಲೇ ಸ್ಕೀ ಮಾಡುವ ಹಿಮದ ಇಳಿಜಾರು. ಆ ಊರಿನಲ್ಲಿ ಮನೆ ಮನೆಗಳನ್ನೇ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾರೆ. ಮಾಲೀಕ ಎಲ್ಲೋ ದೂರದ ಪಟ್ಟಣದಲ್ಲಿರುತ್ತಾನೆ. ಬಾಗಿಲಿಗೆ ನಂಬರ್ ಒತ್ತುವ ಬೀಗ. ಬಂದವರು ನಂಬರ್ ಒತ್ತಿ ಒಳಗೆ ಹೋಗುತ್ತಾರೆ, ಹೊರಟ ಮೇಲೆ ಕ್ಲೀನಿಂಗಿನವರು ಬರುತ್ತಾರೆ. ಮಾಲೀಕನ ಮುಖ ಯಾರೂ ನೋಡುವುದಿಲ್ಲ. ಇದನ್ನು ನೋಡಿ ತಮ್ಮನಿಗೆ ಹಳೇ ಮನೆ ನೆನಪಾಯಿತಂತೆ.

ತಮ್ಮ ನೋಡಿದ್ದು 2019ರ ಊರು. ಆಮೇಲೆ ಅಲ್ಲಿಯೂ ಕಥೆ ಬದಲಾಯಿತು. ಬಾಡಿಗೆ ಮನೆ ಜಾಸ್ತಿಯಾಗಿ, ಅಲ್ಲಿ ದುಡಿಯುವವರಿಗೇ ಇರಲು ಮನೆ ಸಿಗದ ಹಾಗಾಗಿ, 2021ರಲ್ಲಿ ಊರಿನ ಕೌನ್ಸಿಲ್ ಇಂಥ ಮನೆಗಳ ಲೈಸೆನ್ಸಿಗೆ 2,200ರ ಮಿತಿ ಹಾಕಿತು. ಮರುವರ್ಷ ಊರನ್ನು ವಲಯಗಳಾಗಿ ವಿಂಗಡಿಸಿ ಎಲ್ಲೆಲ್ಲಿ ಎಷ್ಟೆಷ್ಟು ಅಂತ ಗೆರೆ ಎಳೆಯಿತು. ನಮ್ಮ ಕಥೆಗೆ ಇದು ಯಾಕೆ ಅಂದರೆ, ತಮ್ಮ ತಂದದ್ದು ಬೀಗದ ಐಡಿಯಾ ಮಾತ್ರ. ಬೀಗ ಇದ್ದ ಊರಿಗೆ ಬಂದ ತೊಂದರೆ ಅವನ ಸೂಟ್‌ಕೇಸಿನಲ್ಲಿ ಬರಲಿಲ್ಲ.

2022ರಲ್ಲಿ ಕೆಲಸ ಶುರುವಾಯಿತು. ನಾಲ್ಕು ಕೋಣೆ, ನಾಲ್ಕಕ್ಕೂ ಒಂದೊಂದು ಸೇರಿಕೊಂಡ ಬಚ್ಚಲು, ಹೊಸ ಸೆಪ್ಟಿಕ್ ಗುಂಡಿ, ಇನ್ವರ್ಟರ್, ಹಾಸಿಗೆ. ಒಟ್ಟು 14 ಲಕ್ಷ. ಅದರಲ್ಲಿ 8 ಲಕ್ಷ ಬ್ಯಾಂಕ್ ಸಾಲ, ಐದು ವರ್ಷಕ್ಕೆ, ತಿಂಗಳ ಕಂತು 17,400. ಅಕ್ಟೋಬರ್‌ನಲ್ಲಿ ಒಂದು ಬುಕಿಂಗ್ ಆ್ಯಪ್‌ಗೆ ಹಾಕಿದರು. ಇಡೀ ಮನೆ ಒಂದು ರಾತ್ರಿಗೆ 6,000, ಶನಿವಾರ ಭಾನುವಾರ 9,000. ಕೆಳಗೆ ದಪ್ಪ ಅಕ್ಷರದಲ್ಲಿ: ಜೋಗಕ್ಕೆ 20 ನಿಮಿಷ.

ಆ ಒಂದು ಸಾಲಿನಲ್ಲೇ ಅರ್ಧ ಸಮಸ್ಯೆ ಇತ್ತು ಅಂತ ಈಗ ಅನಿಸುತ್ತದೆ. ಜೋಗದ ಜಲಪಾತ 253 ಮೀಟರ್ ಎತ್ತರದ್ದು ನಿಜ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಧುಮುಕಿದರೆ ಎದೆ ನಡುಗುತ್ತದೆ, ಅದೂ ನಿಜ. ಆದರೆ ಮೇಲೆ ಲಿಂಗನಮಕ್ಕಿ ಇದೆ. 1964ರಿಂದ ಶರಾವತಿಯ ನೀರನ್ನು ಅಲ್ಲಿ ಹಿಡಿದಿಟ್ಟು ಕರೆಂಟ್ ಮಾಡುತ್ತಾರೆ. ಡ್ಯಾಮ್ ತುಂಬುವುದು 1,819 ಅಡಿಗೆ. ತುಂಬಿ ಗೇಟು ತೆಗೆದರೆ ಜೋಗ ಜೋಗದ ಹಾಗೆ ಇರುತ್ತದೆ. ಉಳಿದ ದಿನ ಬಂಡೆ, ನಡುವೆ ಒಂದೆರಡು ಬಿಳಿ ಗೆರೆ. ಸ್ಕೀ ಊರಿನಲ್ಲಿ ಹಿಮ ಬೀಳದಿದ್ದರೆ ಮಶೀನಿನಿಂದ ಹಿಮ ಉದುರಿಸುತ್ತಾರಂತೆ. ಇಲ್ಲಿ ಮಳೆ ಬಾರದಿದ್ದರೆ ಜೋಗಕ್ಕೆ ನೀರು ಬಿಡಿಸುವುದು ಯಾರು?

ಮೊದಲನೇ ಡಿಸೆಂಬರ್ 31

ಅಕ್ಟೋಬರ್, ನವೆಂಬರ್ ಚೆನ್ನಾಗಿಯೇ ಹೋಯಿತು. ನೋಡಿಕೊಳ್ಳಲು ಒಬ್ಬ ಹುಡುಗನನ್ನು ಇಟ್ಟಿದ್ದರು, ಬೀಗದ ನಂಬರ್ ತಮ್ಮ ಬೆಂಗಳೂರಿನಿಂದ ಕಳಿಸುತ್ತಿದ್ದ. ಅಣ್ಣನಿಗೆ ತೋಟದ ಕೆಲಸ. ಹಳೇ ಮನೆಯಲ್ಲಿ ಯಾರು ಬಂದರು, ಯಾರು ಹೋದರು ಅಂತ ಎಷ್ಟೋ ಸಲ ಅವನಿಗೆ ಗೊತ್ತೇ ಇರುತ್ತಿರಲಿಲ್ಲ.

2022ರ ಡಿಸೆಂಬರ್ 31ಕ್ಕೆ ಹತ್ತು ಜನ ಅಂತ ಬುಕಿಂಗ್. ಬಂದವರು ಇಪ್ಪತ್ತೆರಡು. ಆರು ಕಾರು. ಒಂದು ದೊಡ್ಡ ಸ್ಪೀಕರ್.

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ: ಡಿಸೆಂಬರ್ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಕೊನೆಗಾರರು ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುತ್ತಾರೆ. ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹತ್ತು, ಹನ್ನೊಂದರ ತನಕ ಸುಲಿಯುತ್ತಾರೆ. ಆಮೇಲೆ ಬೇಯಿಸುವುದು, ಬೆಳಗ್ಗೆ ಹರವುವುದು. ಯಾರ ಮನೆಯ ಅಂಗಳದಲ್ಲಿ ನೋಡಿದರೂ ಅಡಿಕೆ. ಇಬ್ಬನಿ ಬೀಳುತ್ತದೆ ಅಂತ ರಾತ್ರಿ ಟಾರ್ಪಾಲ್ ಮುಚ್ಚಿರುತ್ತಾರೆ.

ಆರು ಕಾರಿಗೆ ಹಳೇ ಮನೆ ಮುಂದೆ ಜಾಗ ಸಾಲಲಿಲ್ಲ. ಎರಡು ಕಾರಿನವರು ಕತ್ತಲಲ್ಲಿ ದಣಪೆ, ಅಂದರೆ ಬೇಲಿಯ ಅಡ್ಡಗಳದ ಗೇಟು, ಸರಿಸಿ ಪಕ್ಕದ ಮನೆಯ ಅಂಗಳಕ್ಕೆ ಹತ್ತಿಸಿದರು. ಟಾರ್ಪಾಲ್ ಕೆಳಗೆ ಏನಿದೆ ಅಂತ ಅವರಿಗೇನು ಗೊತ್ತು, ಸಪಾಟು ನೆಲ ಅಂದುಕೊಂಡರು. ವರ್ಷವಿಡೀ ಕಾದ ಅಡಿಕೆ ಟೈರಿನಡಿ ಹೋಯಿತು. ಹನ್ನೆರಡಕ್ಕೆ ಪಟಾಕಿ. ಅಬ್ಬಿಯಿಂದ, ಅಂದರೆ ಗುಡ್ಡದ ಝರಿಯಿಂದ, ಪೈಪಿನಲ್ಲಿ ಬರುವ ನೀರು ನಾಲ್ಕು ಕೋಣೆಗೆ ಸಾಕು, ಇಪ್ಪತ್ತೆರಡು ಜನಕ್ಕೆ ಸಾಲದು, ಟ್ಯಾಂಕ್ ಬರಿದಾಯಿತು. ನೀರಿಲ್ಲ ಅಂತ ತಮ್ಮನಿಗೆ ಫೋನು. ಅಂಗಳದಲ್ಲಿ ಕಾರು ಅಂತ ಪಕ್ಕದ ಮನೆಯವರಿಂದ ಅಣ್ಣನಿಗೆ ಫೋನು. ಒಂದು ಗಂಟೆಗೆ ಪೊಲೀಸ್ ಜೀಪು.

ಠಾಣೆಯಲ್ಲಿ ಮರುದಿನ ಅಣ್ಣನಿಗೆ ಕೇಳಿದ್ದು ಒಂದೇ ಪ್ರಶ್ನೆ. "ರಾತ್ರಿ ಆ ಮನೆಯಲ್ಲಿ ನಿಮ್ಮ ಕಡೆಯವರು ಯಾರಿದ್ದರು?" ಯಾರೂ ಇರಲಿಲ್ಲ. ಹುಡುಗ ಸಂಜೆ ಏಳಕ್ಕೇ ಮನೆಗೆ ಹೋಗಿದ್ದ. "ಮನೆಯವರೇ ಇಲ್ಲದ ಮೇಲೆ ಅದು ಹೋಮ್‌ಸ್ಟೇ ಹೇಗಾಗುತ್ತೆ?" ಅಂದರಂತೆ. ನೋಂದಣಿಯೂ ಆಗಿರಲಿಲ್ಲ. ಕೇಂದ್ರದ ಯೋಜನೆಯಲ್ಲಿ ಹೋಮ್‌ಸ್ಟೇ ಅಂತ ಅನಿಸಿಕೊಳ್ಳಲು ಒಂದರಿಂದ ಆರು ಕೋಣೆ, ಹೆಚ್ಚೆಂದರೆ ಹನ್ನೆರಡು ಹಾಸಿಗೆ, ಎಲ್ಲಕ್ಕಿಂತ ಮೊದಲು ಮಾಲೀಕರ ಸಂಸಾರ ಅಲ್ಲೇ ವಾಸ ಇರಬೇಕು. ಬೋರ್ಡಿನಲ್ಲಿ ಹೋಮ್‌ಸ್ಟೇ ಅಂತ ಬರೆಸುವಾಗ ಇದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಪಕ್ಕದ ಮನೆಗೆ 38,000 ಕೊಟ್ಟು ಅಡಿಕೆ ವಿಷಯ ಮುಗಿಸಿದರು. ಮಾತು ಬಿಟ್ಟದ್ದು ಮಾತ್ರ ಎರಡು ವರ್ಷ ಮುಂದುವರಿಯಿತು. ಅಷ್ಟು ವರ್ಷ ದೇವರ ಪ್ರಸಾದ, ಹಲಸಿನ ಹಣ್ಣು ಆಚೀಚೆ ಹೋಗಿಬರುತ್ತಿದ್ದ ಎರಡು ಮನೆ. ಯಾವ ಲೆಕ್ಕದ ಪುಸ್ತಕದಲ್ಲೂ ಅದನ್ನು ಬರೆಯಲು ಬರುವುದಿಲ್ಲ.

ಮಾಡಿ ನೋಡಿದ್ದು

2023ರ ಜನವರಿಯಲ್ಲಿ ಅಣ್ಣ ತಮ್ಮ ಇಬ್ಬರೂ ನನ್ನ ಆಫೀಸಿಗೆ ಬಂದರು. ಮುಚ್ಚೋಣ ಅಂತ ಅಣ್ಣ. ಸಾಲ ಇದೆಯಲ್ಲ ಅಂತ ತಮ್ಮ. ನಾನು ಹೇಳಿದ್ದು, ರೇಟ್ ಜಾಸ್ತಿ ಮಾಡಿ, 5,000 ಠೇವಣಿ ಇಟ್ಟುಕೊಳ್ಳಿ, ಪುಂಡರು ತಾವೇ ಬರುವುದಿಲ್ಲ. ತಪ್ಪು ಸಲಹೆ. ರೇಟ್ ಜಾಸ್ತಿಯಾದಾಗ ಸಂಸಾರಸ್ಥರು ಬರುವುದು ನಿಂತಿತು, ಹತ್ತು ಹನ್ನೆರಡು ಜನ ಹಂಚಿಕೊಳ್ಳುವ ಗುಂಪಿಗೆ 9,000 ಆದರೇನು, 12,000 ಆದರೇನು? ತಲೆಗೆ ಸಾವಿರ ಅಷ್ಟೇ. ಒಂದು ಸಲ ಗಾಜು ಒಡೆದದ್ದಕ್ಕೆ ಠೇವಣಿ ಹಿಡಿದಿಟ್ಟರು, ಆ ಗುಂಪಿನ ಏಳು ಜನ ಒಂದೊಂದು ಸ್ಟಾರ್ ಹಾಕಿ ಸೇಡು ತೀರಿಸಿಕೊಂಡರು.

ಆಮೇಲೆ ಸಿಸಿ ಕ್ಯಾಮೆರಾ, ಗೋಡೆಯ ಮೇಲೆ ಹದಿನಾಲ್ಕು ನಿಯಮದ ಬೋರ್ಡು. ಮನೆಗೆ ಠಾಣೆಯ ಕಳೆ ಬಂತು. ಆಮೇಲೆ ಗಂಡ ಹೆಂಡತಿ ಇಬ್ಬರನ್ನು ಸಂಬಳಕ್ಕಿಟ್ಟು ಹಳೇ ಮನೆಯ ಹಿಂದಿನ ಕೋಣೆಯಲ್ಲಿ ಇರಿಸಿದರು. ಇದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ನವೆಂಬರ್ ಬಂತು, ಕೊಯ್ಲು ಶುರುವಾಯಿತು, ಆ ಮನುಷ್ಯ ಕೊನೆಗಾರ. ಮರ ಹತ್ತಿದರೆ ಒಂದು ದಿನಕ್ಕೆ ಸಿಗುವ ಕೂಲಿ ಇಲ್ಲಿ ಮೂರು ದಿನದ ಸಂಬಳ. ಅವನು ಹೋದದ್ದು ಸರಿಯೇ.

ಮಳೆಯೂ ಆ ವರ್ಷ ಕೈಕೊಟ್ಟಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದ್ದು ನೆನಪಿರಬಹುದು. ಜೋಗದಲ್ಲಿ ನೀರಿಲ್ಲ ಅಂತ ಫೋಟೋ ಓಡಾಡಿದ ಕೂಡಲೇ ಬುಕಿಂಗ್ ರದ್ದು. ಆಗಸ್ಟ್ 31ರಿಂದ ಶಿವಮೊಗ್ಗಕ್ಕೆ ವಿಮಾನ ಬರತೊಡಗಿತು, ತಮ್ಮ ಖುಷಿಯಲ್ಲಿ ಹೊಸ ಫೋಟೋ ತೆಗೆಸಿದ. ಇವತ್ತಿಗೆ ಲೆಕ್ಕ ತೆಗೆದರೆ, ವಿಮಾನದಲ್ಲಿ ಇಳಿದು ಈ ಮನೆಗೆ ಬಂದವರು ಹನ್ನೊಂದು ಜನ. ಬೆಂಗಳೂರಿನಿಂದ ರಾತ್ರಿ ಹೊರಡುವ ತಾಳಗುಪ್ಪ ರೈಲಿನಲ್ಲಿ ಬಂದವರು ಅದರ ಹತ್ತು ಪಟ್ಟಿಗಿಂತ ಜಾಸ್ತಿ.

ಮೊದಲ ತಿರುವು ಬಂದದ್ದು ಇಲ್ಲಿ. ಕೆಲಸದವರು ಬಿಟ್ಟುಹೋದ ವಾರ ಅಣ್ಣ, ಅತ್ತಿಗೆ, ಅಮ್ಮ ಮೂವರೂ ಹಳೇ ಮನೆಯ ಒಳಭಾಗಕ್ಕೆ ವಾಸ ಬದಲಿಸಿದರು. ಆರ್‌ಸಿಸಿ ಮನೆಯಲ್ಲಿ ಅಡಿಕೆ ಮೂಟೆ ತುಂಬಿದರು. ನಂಬರಿನ ಬೀಗ ಕಿತ್ತು ಹಾಕಿದರು. ಇಡೀ ಮನೆ ಕೊಡುವುದಿಲ್ಲ, ಕೋಣೆ ಲೆಕ್ಕ, ತಲೆಗೆ 1,800, ಮೂರು ಹೊತ್ತು ಊಟ ತಿಂಡಿ ಸೇರಿ. ನೋಂದಣಿಗೂ ಅರ್ಜಿ ಹಾಕಿದೆವು, ಪಂಚಾಯ್ತಿ, ಠಾಣೆ, ಪ್ರವಾಸೋದ್ಯಮ ಇಲಾಖೆ ಅಂತ ಐದು ತಿಂಗಳು ಓಡಾಟ. ಜಿಎಸ್‌ಟಿ ವಿಷಯ ಎಲ್ಲರೂ ಕೇಳುತ್ತಾರೆ, ಇಲ್ಲೇ ಹೇಳಿಬಿಡುತ್ತೇನೆ: ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಇಂಥ ಮನೆಗೆ ನೋಂದಣಿ ಬೇಡ, ಆ್ಯಪ್‌ನಿಂದ ಬಂದ ಬುಕಿಂಗಿಗೆ ತೆರಿಗೆಯನ್ನು ಆ್ಯಪ್‌ನವರೇ ಕಟ್ಟಬೇಕು.

ಜಗಲಿಯಲ್ಲಿ ಅಮ್ಮ ಬತ್ತಿ ಹೊಸೆಯುತ್ತ ಕೂತಿರುವ ಮನೆಗೆ ಯಾರೂ ಸ್ಪೀಕರ್ ತರುವುದಿಲ್ಲ. ನಿಯಮದ ಬೋರ್ಡು ಬೇಕೇ ಆಗಲಿಲ್ಲ. ತಂಬುಳಿ, ಅಪ್ಪೆಹುಳಿ, ಕೆಸುವಿನ ಪತ್ರೊಡೆ, ಬೆಳಗ್ಗೆ ಜೋನಿಬೆಲ್ಲದ ಜೊತೆ ತೆಳ್ಳೇವು. ಸ್ಟಾರ್ ಏರಿತು. ಗೆದ್ದೆವು ಅಂತ ನಾವು ಮೂರೂ ಜನ ಗಂಡಸರು ಅಂದುಕೊಂಡೆವು.

ಹಾಲಿನ ಲೆಕ್ಕದ ಪುಸ್ತಕ

2023ರ ಡಿಸೆಂಬರ್ 15ರಿಂದ 2024ರ ಜನವರಿ 5ರವರೆಗೆ, 22 ದಿನ, ಮನೆ ತುಂಬಿತ್ತು. ಜನವರಿ ಎರಡನೇ ವಾರ ನಾನು ಲೆಕ್ಕ ಮಾಡಲು ಹೋದೆ. ಅದರಲ್ಲಿ ಗೆಸ್ಟು ಉಳಿದದ್ದು 18 ರಾತ್ರಿ, ಸರಾಸರಿ ಎಂಟು ಜನ. 2,59,200 ಬಂದಿತ್ತು. ಆ್ಯಪ್‌ನ ಕಮಿಷನ್ 36,000, ದಿನಸಿ 64,800, ಸಾಗರದಿಂದ ಬರುವ ಸಹಾಯದ ಹೆಂಗಸಿಗೆ 19,800, ಗ್ಯಾಸು, ಡೀಸೆಲ್, ಬಟ್ಟೆ ಒಗೆತ 14,000. ಉಳಿದದ್ದು 1,24,600. ಒಳ್ಳೇ ಸೀಸನ್ ಅಲ್ವಾ ಅಂದೆ. ತಮ್ಮ ಫೋನಿನಲ್ಲೇ ಚಪ್ಪಾಳೆ ಹೊಡೆದ.

ಅತ್ತಿಗೆ ಒಳಗಿಂದ ಬಂದು ಹಾಲಿನ ಲೆಕ್ಕದ ಪುಸ್ತಕ ನನ್ನ ಮುಂದೆ ಇಟ್ಟರು. ಅದರ ಹಿಂಬದಿಯ ಹಾಳೆಗಳಲ್ಲಿ ದಿನಕ್ಕೊಂದು ಸಾಲು. ಗೆಸ್ಟು 8, ಸುಲಿಯುವವರು 9, ಕೊಯ್ಯುವವರು 5, ಮನೆಯವರು 4. ಗೆಸ್ಟು 10, ಸುಲಿಯುವವರು 11. ಹೀಗೇ ಇಪ್ಪತ್ತೆರಡು ಸಾಲು. ಕೊಯ್ಲಿನವರಿಗೆ ಊಟ ಹಾಕುವುದು ಮನೆಯ ಪದ್ಧತಿ, ತಪ್ಪಿಸಲು ಬರುವುದಿಲ್ಲ. ದಿನಕ್ಕೆ ಇಪ್ಪತ್ತಾರು, ಮೂವತ್ತು ಎಲೆ. ಎದ್ದದ್ದು ನಾಲ್ಕಕ್ಕೆ, ಮಲಗಿದ್ದು ಹನ್ನೆರಡಕ್ಕೆ. ಒಂದು ಸಾಲಿನಲ್ಲಿ "ಜ್ವರ" ಅಂತ ಮಾತ್ರ ಇತ್ತು, ಆ ದಿನವೂ ಗೆಸ್ಟು 9.

"ಸುಲಿಯೋರಿಗೆ ಅನ್ನ ಬಡಿಸಲೋ, ನಿಮ್ಮ ಗೆಸ್ಟಿಗೆ ದೋಸೆ ಹೊಯ್ಯಲೋ ಅಂತ ಯಾರಾದರೂ ಕೇಳಿದ್ರಾ ನನ್ನ?" ಅಂದರು. ಜಗಳದ ದನಿ ಅಲ್ಲ. ಬರೀ ಸುಸ್ತು.

ನನ್ನ ಲೆಕ್ಕದಲ್ಲಿ ಈ ಕಾಲಂ ಇರಲೇ ಇಲ್ಲ. ಸುಮ್ನೆ ಕೂತು ಮತ್ತೆ ಶುರು ಮಾಡಿದೆ. ಆಳುಗಳ ಅಡುಗೆಗೆ ಕೊನೆಗೆ ಬೇರೆ ಅಡುಗೆಯವರನ್ನು ಕರೆಸಿದ್ದರು, 22,000. ಅಣ್ಣ ಗೆಸ್ಟುಗಳನ್ನು ಕರೆದುಕೊಂಡು ಓಡಾಡುತ್ತ ಕೊಯ್ಲು ಹಿಂದೆ ಬಿತ್ತು. ಹಸಿರಿರುವಾಗಲೇ ಕೊಯ್ದು ಬೇಯಿಸಿದರೆ ರಾಶಿ ಇಡಿ ಅನ್ನುವ ಕೆಂಪಡಿಕೆ ಆಗುತ್ತದೆ, ಹಣ್ಣಾಗಲು ಬಿಟ್ಟರೆ ಒಣಗಿಸಿ ಚಾಲಿ, ಅಂದರೆ ಬಿಳಿ ಅಡಿಕೆ, ಮಾಡಬೇಕು, ರೇಟ್ ಕೆಳಗೆ. ನಾಲ್ಕು ಕ್ವಿಂಟಾಲಿನಷ್ಟು ಹಾಗೆ ಹೋಗಿತ್ತು, ನಷ್ಟ 45,000. ಈ ಎರಡನ್ನೂ ಕಳೆದರೆ 57,600 ಉಳಿಯಿತು. ಇಬ್ಬರು 22 ದಿನ ಹಗಲೂ ರಾತ್ರಿ ದುಡಿದದ್ದಕ್ಕೆ. ಕೊನೆಗಾರ ನಮ್ಮನ್ನು ಬಿಟ್ಟುಹೋದ ದಿನವೇ ಈ ಲೆಕ್ಕ ಮಾಡಿಕೊಂಡಿದ್ದ ಅಂತ ಆಗ ಹೊಳೆಯಿತು. ನಾವು ಮಾಡಿರಲಿಲ್ಲ.

ಆ ಸಂಜೆ ಅತ್ತಿಗೆ ಎರಡು ಮಾತು ಹೇಳಿದರು. ಒಂದು, ಕೊಯ್ಲಿನ ಎರಡು ತಿಂಗಳು ಬೋರ್ಡು ಇಳಿಸಬೇಕು. ಎರಡು, ಉಳಿದ ದಿನ ತಾನು ಅಡುಗೆ ಮಾಡಬೇಕಾದರೆ ತಲೆಗೆ 250 ತನ್ನ ಖಾತೆಗೆ ಬರಬೇಕು, ಅಣ್ಣನ ಖಾತೆಗೆ ಅಲ್ಲ. ಎರಡನೆಯದಕ್ಕೆ ಯಾರೂ ತಕರಾರು ಮಾಡಲಿಲ್ಲ, ಮಾಡಲು ಮುಖವೂ ಇರಲಿಲ್ಲ. ಮೊದಲನೆಯದಕ್ಕೆ ತಮ್ಮ ಒಪ್ಪಲಿಲ್ಲ. "ಸೀಸನ್‌ನಲ್ಲೇ ಅಂಗಡಿ ಮುಚ್ಚೋದಾ? ಕಂತು ಯಾರು ಕಟ್ಟೋದು?" ಅವನ ಪ್ರಶ್ನೆಯೂ ಸುಳ್ಳಲ್ಲ. ಎರಡು ತಿಂಗಳ ಕಂತು 34,800. ಅದನ್ನು ಮಳೆಗಾಲದ ದುಡ್ಡಿನಿಂದ ಮೊದಲೇ ಎತ್ತಿಡುವುದು ಅಂತ ನಾನು ಹೇಳಿದೆ. ಮಳೆ ಬಂದರೆ ತಾನೇ ಅಂದ. ವಿಷಯ ತಿಂಗಳುಗಟ್ಟಲೆ ಹಾಗೇ ಉಳಿಯಿತು.

ಅದೇ ಹೊತ್ತಿಗೆ ಮಂಗನ ಕಾಯಿಲೆಯ ಸುದ್ದಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ, ಉಣುಗು, ಅಂದರೆ ಉಣ್ಣೆ, ಕಚ್ಚಿ ಬರುವಂಥದ್ದು. ಚಳಿಗಾಲದಲ್ಲಿ ಶುರುವಾಗಿ ಬೇಸಿಗೆ ಕಳೆಯುವ ತನಕ ಅದರ ಕಾಟ. 2018-19ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮಾಡಿದ್ದನ್ನು ಇಲ್ಲಿಯವರು ಮರೆತಿಲ್ಲ. 2024ರ ಮೊದಲ ತಿಂಗಳುಗಳಲ್ಲಿ ಮತ್ತೆ ಜಿಲ್ಲೆಯಲ್ಲಿ ಕಾಣಿಸಿಕೊಂಡಾಗ, ಗೆಸ್ಟಿಗೆ ಹೇಳಬೇಕೋ ಬೇಡವೋ ಅಂತ ಚರ್ಚೆ. ಕೆಲವು ಮನೆಯವರು ಬಾಯಿ ಬಿಡಲಿಲ್ಲ. ಈ ಮನೆಯಲ್ಲಿ ಅಣ್ಣ ಪ್ರತಿ ಬುಕಿಂಗಿಗೂ ತಾನೇ ಫೋನ್ ಮಾಡಿ ಹೇಳಿದ: ಈಗ ಕಾಡಿನೊಳಗೆ ನಡೆಸುವುದಿಲ್ಲ, ತೋಟಕ್ಕೆ ಇಳಿಯುವುದಾದರೂ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಬನ್ನಿ, ಬೇಡ ಅನಿಸಿದರೆ ದುಡ್ಡು ವಾಪಸ್. ಅರ್ಧಕ್ಕರ್ಧ ಜನ ರದ್ದು ಮಾಡಿದರು. ಅವರಲ್ಲಿ ಐದು ಸಂಸಾರ ಆಗಸ್ಟಿನಲ್ಲಿ ತಾವಾಗಿ ಫೋನ್ ಮಾಡಿ ಬಂದರು, ಆ್ಯಪ್ ಇಲ್ಲದೆ. ಕಮಿಷನ್ ಉಳಿದದ್ದು ಬೇರೆ ಮಾತು, ನಿಜ ಹೇಳಿದ ಮನೆ ಅಂತ ನೆನಪಿಟ್ಟುಕೊಂಡಿದ್ದರು.

ಮಳೆಗಾಲ, ಮತ್ತು ಮುಚ್ಚಿದ ಬಾಗಿಲು

2024ರಲ್ಲಿ ಮಳೆ ಹೊಡೆಯಿತು. ಆಗಸ್ಟಿನಲ್ಲಿ ಲಿಂಗನಮಕ್ಕಿ ಗೇಟು ತೆಗೆದರು. ಜೋಗದ ರಸ್ತೆಯಲ್ಲಿ ಕಿಲೋಮೀಟರುಗಟ್ಟಲೆ ವಾಹನ. ಆದರೆ ಈ ಮನೆಯ ಫೋಟೋಗಳಲ್ಲಿ ಆಗ ಜೋಗ ಇರಲಿಲ್ಲ. "ಜೋಗಕ್ಕೆ 20 ನಿಮಿಷ" ಅನ್ನುವ ಸಾಲನ್ನು ಕೆಳಗೆ ತಳ್ಳಿ, ಮೇಲೆ ಅಣ್ಣ ಹೇಳಿದ ಹಾಗೇ ಬರೆದಿದ್ದರು: ಮಳೆ ಬಿಡುವುದಿಲ್ಲ, ಕರೆಂಟ್ ಹೋಗುತ್ತದೆ, ಉಂಬಳ (ಜಿಗಣೆ) ಹತ್ತುತ್ತದೆ, ಫೋನ್ ಸಿಗುವುದು ದಣಪೆ ಹತ್ತಿರ ಮಾತ್ರ, ಬಚ್ಚಲಿನಲ್ಲಿ ಹಂಡೆ ಯಾವಾಗಲೂ ಬಿಸಿ. ಇದು ಬೇಡದವರು ಬರಲಿಲ್ಲ. ಬಂದವರು ಮೂರು ನಾಲ್ಕು ದಿನ ಉಳಿದರು, ಒಂದು ದಿನ ಜೋಗ, ಒಂದು ದಿನ ಕೆಳದಿ, ಇಕ್ಕೇರಿ, ಇನ್ನೊಂದು ದಿನ ಜಗಲಿಯಲ್ಲಿ ಮಳೆ ನೋಡುತ್ತ ಕೂತರು. ಒಂದೇ ರಾತ್ರಿ ಇದ್ದು ಹೋಗುವವರಿಗಿಂತ ಇವರ ಖರ್ಚು ಕಡಿಮೆ, ಹಾಸಿಗೆ ಬಟ್ಟೆ ದಿನಾ ಒಗೆಯಬೇಕಾಗಿಲ್ಲ ನೋಡಿ.

ಜುಲೈ, ಆಗಸ್ಟಿನಲ್ಲಿ ತೋಟದ ಕೆಲಸವೂ ಅಷ್ಟಿರುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಷ್ಟೇ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತ, ಸುಣ್ಣ, ಪಂಪು, ಗದ್ದಲ. ಆ ದಿನಗಳನ್ನೂ ಮುಂಚೆಯೇ ಆ್ಯಪ್‌ನಲ್ಲಿ ಮುಚ್ಚಿಟ್ಟರು. ಮಳೆ ನೋಡಿ ಹೊಡೆಯಬೇಕಾದ ಔಷಧಿ, ದಿನ ಹಿಂದೆ ಮುಂದೆ ಆಗುತ್ತದೆ, ಒಟ್ಟು ಎಂಟು ದಿನ ಬಿಟ್ಟುಕೊಂಡರು. ತಮ್ಮ ಗೊಣಗಿದ. ಆದರೆ ಆಗಸ್ಟ್ ಒಂದರಲ್ಲೇ ಕೈಯಲ್ಲಿ ಉಳಿದದ್ದು 1,08,000, ಅತ್ತಿಗೆಯ ಪಾಲು ಕೊಟ್ಟ ಮೇಲೆ. ಆ ಕಾಗದ ನೋಡಿದ ಮೇಲೆ ನವೆಂಬರ್ 20ರಿಂದ ಜನವರಿ 15ರವರೆಗೆ ಮುಚ್ಚಲು ಒಪ್ಪಿದ. ಒಂದು ಷರತ್ತು ಹಾಕಿದ. ಒಂದು ವಾರಾಂತ್ಯ ಮಾತ್ರ ನಾಲ್ಕು ಜನರನ್ನು ಕರೆತಂದು ಕೊಯ್ಲನ್ನೇ ತೋರಿಸೋಣ, ಒಳ್ಳೇ ರೇಟಿಗೆ.

ಅದೂ ಆಯಿತು. ಒಬ್ಬರು ಮೆಟ್ಟುಗತ್ತಿಯಲ್ಲಿ ಬೆರಳು ಕೊಯ್ದುಕೊಂಡರು. ಅದು ದೊಡ್ಡ ವಿಷಯ ಅಲ್ಲ. ಸುಲಿಯುವವರಿಗೆ ಕೂಲಿ ಡಬ್ಬದ ಲೆಕ್ಕ, ಎಷ್ಟು ಡಬ್ಬ ತುಂಬಿತೋ ಅಷ್ಟು ದುಡ್ಡು. ಇವರು ಫೋಟೋ ತೆಗೆಯುತ್ತ, ಒಂದು ನಿಮಿಷ ಹೀಗೆ ನೋಡಿ ಅನ್ನುತ್ತ, ಪ್ರಶ್ನೆ ಕೇಳುತ್ತ ಕೂತರೆ ಡಬ್ಬ ತುಂಬುವುದು ಯಾವಾಗ? ಒಬ್ಬಾಕೆ ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದಳಂತೆ, "ಅಣ್ಣಾ, ಫೋಟೋಕ್ಕೆ ಡಬ್ಬಕ್ಕೆ ಎಷ್ಟು?" ತಮ್ಮ ಆ ರಾತ್ರಿ ಅವರೆಲ್ಲರಿಗೂ ಕೈಯಿಂದ ಎರಡೆರಡು ಡಬ್ಬದ ದುಡ್ಡು ಕೊಟ್ಟ. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಆದದ್ದು ಅದೃಷ್ಟ, ಜಾಣತನ ಅಲ್ಲ. 2025ರ ಜನವರಿ 1ರಿಂದ ಕಾಮಗಾರಿ ಸಲುವಾಗಿ ಜೋಗದ ಮುಖ್ಯದ್ವಾರ ಮುಚ್ಚಿದರು, ಕೆಲವು ತಿಂಗಳು. ಜೋಗವನ್ನೇ ನಂಬಿದ್ದ ಮನೆಗಳ ಬುಕಿಂಗ್ ಒಂದೇ ವಾರದಲ್ಲಿ ಉದುರಿತು. ನನ್ನ ಬಳಿಯೇ ಲೆಕ್ಕ ಬರೆಸುವ ಇನ್ನೊಂದು ಮನೆಯವರು ಫೆಬ್ರುವರಿಯಲ್ಲಿ ಅಡಿಕೆ ಮೇಲೆ ಸಾಲ ಎತ್ತಿದರು. ಇಲ್ಲಿ ಜನವರಿ 15ರವರೆಗೆ ಹೇಗೂ ಬಾಗಿಲು ಹಾಕಿತ್ತು. ಆಮೇಲಿನ ಎರಡು ತಿಂಗಳು ಇವರಿಗೂ ಪೆಟ್ಟು ಬಿತ್ತು, ಇಲ್ಲ ಅನ್ನುವುದಿಲ್ಲ, ಆದರೆ ಜೋಗ ನೋಡಲೆಂದೇ ಬರುವವರು ಆ ಹೊತ್ತಿಗೆ ಮೂರರಲ್ಲೊಬ್ಬರು ಅಷ್ಟೇ.

ಮಾರ್ಚ್ ಕೊನೆಗೆ ವರ್ಷದ ಲೆಕ್ಕ ತೆಗೆದೆ. 2023-24ರಲ್ಲಿ ಒಟ್ಟು ಬಂದದ್ದು 9.8 ಲಕ್ಷ, ಕೈಯಲ್ಲಿ ಉಳಿದದ್ದು 2.4 ಲಕ್ಷ. 2024-25ರಲ್ಲಿ ಬಂದದ್ದು 9.1 ಲಕ್ಷ, ಉಳಿದದ್ದು 3.5 ಲಕ್ಷ. ಅಡಿಕೆ ಪೂರ್ತಿ ಹೊತ್ತಿಗೆ ಸರಿಯಾಗಿ ಕೊಯ್ಲಾಗಿತ್ತು, ಅದು ಇದರಲ್ಲಿ ಸೇರಿಲ್ಲ. ಅತ್ತಿಗೆಯ ಖಾತೆಯಲ್ಲಿ ಒಂದು ಲಕ್ಷಕ್ಕೂ ಮೇಲೆ ಇತ್ತು. ಮಳೆ ಸರಿಯಾಗಿ ಬಂದ ವರ್ಷ ಅದು ಅನ್ನುವುದನ್ನು ಮರೆಯಬೇಡಿ. 2023ರಂಥ ಇನ್ನೊಂದು ವರ್ಷ ಬಂದರೆ ಈ ಅಂಕಿ ಹೀಗೇ ಇರುತ್ತದೆ ಅಂತ ನಾನು ಬರೆದು ಕೊಡುವುದಿಲ್ಲ.

ಕೂಡಿ ಬಾರದ್ದೂ ಇದೆ. 2025ರ ಜುಲೈನಲ್ಲಿ ಸಿಗಂದೂರಿಗೆ ಹೋಗುವ ಸೇತುವೆ ತೆರೆಯಿತು, ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿಲೋಮೀಟರ್. ಮುಂಚೆ ಹಿನ್ನೀರು ದಾಟಿಸುವ ಲಾಂಚಿಗೆ ಕಾದು ಕಾದು ಹೊತ್ತಾಗಿ, ರಾತ್ರಿ ಇಲ್ಲೇ ಎಲ್ಲಾದರೂ ಉಳಿದು ಹೋಗೋಣ ಅನ್ನುತ್ತಿದ್ದವರು ಈಗ ದೇವಿ ದರ್ಶನ ಮಾಡಿ ಅದೇ ದಿನ ವಾಪಸ್. ಆ ಕಡೆಯ ಊರಿನವರಿಗೆ ದಶಕಗಳ ಕಷ್ಟ ತೀರಿತು, ಅದರ ಮುಂದೆ ನಮ್ಮ ನಾಲ್ಕು ಕೋಣೆ ಏನೂ ಅಲ್ಲ. ಆದರೂ ಲೆಕ್ಕದಲ್ಲಿ ಕಾಣುತ್ತದೆ, ವಾರದ ದಿನಗಳ ಬುಕಿಂಗ್ ಇಳಿದಿದೆ. ಮಧ್ಯಾಹ್ನದ ಊಟ ಮಾತ್ರ ಕೊಡ್ತೀರಾ ಅಂತ ಈಗ ದಿನಾ ಫೋನು. ತಮ್ಮನಿಗೆ ಆಸೆ. ಅತ್ತಿಗೆ ಬೇಡ ಅಂದಿದ್ದಾರೆ, ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯವರು 2024ರ ಕೊಯ್ಲಿನಲ್ಲಿ ಮಾತು ಶುರು ಮಾಡಿದರು. ಅವರ ಬೇಯಿಸುವ ಹಂಡೆ ಸೋರುತ್ತಿತ್ತು, ಇವರದ್ದು ಕೇಳಲು ಬಂದರು. ಡಿಸೆಂಬರ್ 31ರ ರಾತ್ರಿ ಎರಡೂ ಮನೆಯ ಅಡಿಕೆ ಒಂದೇ ಒಲೆಯಲ್ಲಿ ಬೆಂದಿತು ಅಂತ ಅಣ್ಣ ಹೇಳಿದ.

ಉಳಿದ ಒಂದು ವಿಷಯಕ್ಕೆ ಇನ್ನೂ ಉತ್ತರ ಇಲ್ಲ. ಹಳೇ ಮನೆ ಇಬ್ಬರಿಗೂ, ಒಬ್ಬ ತಂಗಿಗೂ ಸೇರಿದ್ದು. ಪಾಲು ಆಗಿಲ್ಲ. ಸಾಲದ ಕಂತು ಕಟ್ಟುತ್ತಿರುವಷ್ಟು ದಿನ ಯಾರೂ ಯಾರದ್ದೆಷ್ಟು ಅಂತ ಕೇಳುವುದಿಲ್ಲ, ಎಲ್ಲ ದುಡ್ಡೂ ಬ್ಯಾಂಕಿಗೆ ಹೋಗುತ್ತದೆ ಅನ್ನುವ ಸಮಾಧಾನ ಇದೆ. ಸಾಲ 2027ರಲ್ಲಿ ತೀರುತ್ತದೆ. ಹೊಲಿಗೆ ಬಿಚ್ಚಿದ ಮೇಲೆ ಬಟ್ಟೆ ಯಾರಿಗೆ ಅನ್ನುವ ಮಾತು ಬಂದೇ ಬರುತ್ತದೆ, ಅದಕ್ಕೆ ಮುಂಚೆ ಮೂವರೂ ಕೂತು ಒಂದು ಕಾಗದ ಮಾಡಿಕೊಳ್ಳಿ ಅಂತ ನಾನು ಎರಡು ಸಲ ಹೇಳಿದ್ದೇನೆ. ಅಣ್ಣ ಮಳೆಗಾಲ ಮುಗಿಯಲಿ ಅಂದ. ಮಳೆಗಾಲ ಮುಗಿದ ಮೇಲೆ ಕೇಳಿದೆ, ಕೊಯ್ಲು ಮುಗಿಯಲಿ ಅಂದ.